ಡಾಮಿನೊ ಜಿರಳೆ ಡಬ್ಬಿಯಲ್ಲೇ ಸಂಸಾರ ಹೂಡಿತು: ನನ್ನ ಅನುಭವ

ಜಿರಳೆ ಸಾಕುವವರು ಮೊದಲು ಹೇಳುವ ಹೆಸರು ಮಡಗಾಸ್ಕರ್ ಹಿಸ್ಸಿಂಗ್. ಗಟ್ಟಿ ಜೀವ, ಮರಿಯನ್ನೇ ಹಾಕುತ್ತದೆ, ಎರಡು ಮೂರು ವರ್ಷ ಬದುಕುತ್ತದೆ. ಗಾಜು ಹತ್ತುವುದೊಂದೇ ತಾಪತ್ರಯ. ಡೂಬಿಯಾ ಅನ್ನುವ ಇನ್ನೊಂದು ಜಾತಿ ಗಾಜು ಹತ್ತುವುದಿಲ್ಲ, ಆದರೆ ನೋಡಲು ಸಪ್ಪೆ. ನನ್ನ ಆಯ್ಕೆ ನಮ್ಮ ದಕ್ಷಿಣ ಭಾರತದ ಕುರುಚಲು ಕಾಡಿನ ಡಾಮಿನೊ, ಅಂದರೆ ಥೇರಿಯಾ ಪೆಟಿವೇರಿಯಾನಾ. ಕಪ್ಪು ಮೈ ಮೇಲೆ ಏಳು ಬಿಳಿ ಚುಕ್ಕೆ. ಹತ್ತಿರದಿಂದ ನೋಡಿದರೂ ಜೀರುಂಡೆ ಅಂತಲೇ ಅನ್ನಿಸಬೇಕು. "ಅದು ಡಬ್ಬಿಯಲ್ಲಿ ಒಂದು ತಲೆಮಾರು ದಾಟಲ್ಲ" ಅಂದವರೇ ಹೆಚ್ಚು. ನನ್ನಲ್ಲಿ ಈಗ ಮೂರನೆಯ ತಲೆಮಾರು ಓಡಾಡುತ್ತಿದೆ.

ಡಾಮಿನೊ ಸಾಕಣೆ ಕೆಡುವುದು ನೀರಿನಿಂದ. ಮರಿಗಳು ಬೆಳೆಯುವಷ್ಟು ಕಾಲವೂ ಮಣ್ಣೊಳಗೇ ಇರುತ್ತವೆ. ದಿನಾ ಸ್ಪ್ರೇ ಹೊಡೆದರೆ ಮೇಲ್ಪದರ ಒದ್ದೆಯಾಗಿ ಬೂಷ್ಟು, ನುಸಿ ಬರುತ್ತದೆ. ತಳ ಮಾತ್ರ ಒಣಗಿಯೇ ಇರುತ್ತದೆ. ಸಣ್ಣ ಮರಿಗಳು ಅಲ್ಲೇ ಬತ್ತಿ ಸಾಯುತ್ತವೆ, ಮೇಲೆ ಏನೂ ಗೊತ್ತಾಗುವುದಿಲ್ಲ. ನಾನು ಸ್ಪ್ರೇ ಬಿಟ್ಟೇಬಿಟ್ಟೆ. ಹತ್ತು ಹನ್ನೆರಡು ಲೀಟರಿನ ಡಬ್ಬಿಗೆ ನಾಲ್ಕು ಇಂಚು ಮಿಶ್ರಣ: ಎರಡು ಪಾಲು ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರಡು ಪಾಲು ಎಲೆಗೊಬ್ಬರ, ಒಂದು ಪಾಲು ಮರಳು. ಒಂದು ಮೂಲೆಯಲ್ಲಿ ಪೈಪಿನ ತುಂಡು ತಳದವರೆಗೆ ನಿಲ್ಲಿಸಿ, ವಾರಕ್ಕೊಮ್ಮೆ ಅರ್ಧ ಲೋಟ ನೀರು ಅದರೊಳಗೆ. ತಳದ ಮಣ್ಣು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಎದುರಿನ ಮೂಲೆ, ಮೇಲಿನ ಒಂದು ಇಂಚು ಒಣಗಿರಬೇಕು. ಮರಿಗಳೇ ತಮಗೆ ಬೇಕಾದ ಜಾಗ ಹುಡುಕಿಕೊಳ್ಳುತ್ತವೆ.

ಕೋಕೋಪೀಟ್ ತೊಳೆಯದೆ ಹಾಕಬೇಡಿ, ಇಟ್ಟಿಗೆಯಂತೆ ಒತ್ತಿ ಮಾರುವ ಕೆಲವು ಕೋಕೋಪೀಟ್‌ನಲ್ಲಿ ಉಪ್ಪಿರುತ್ತದೆ. ಮೇಲೆ ಹಾಸುವ ತರಗೆಲೆ ಔಷಧಿ ಹೊಡೆಯದ ಮರದ್ದೇ ಆಗಬೇಕು. ಬೇವು, ನೀಲಗಿರಿ ಬೇಡ. ನಾನು ಮೂರು ಜಾತಿಯ ಎಲೆ ಬೆರೆಸುತ್ತೇನೆ, ಯಾವುವು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನೊಂದು ದೊಡ್ಡ ನಷ್ಟ ಅವಸರದಿಂದ ಆಗುತ್ತದೆ. ರೆಕ್ಕೆ ಬಂದ ಡಾಮಿನೊ ಬದುಕುವುದು ಕೆಲವೇ ತಿಂಗಳು. ಅವು ಸತ್ತ ಮೇಲೆ ಡಬ್ಬಿ ಖಾಲಿ ಕಾಣುತ್ತದೆ, ಜನ ಮಣ್ಣು ಸುರಿದುಬಿಡುತ್ತಾರೆ. ಆ ಮಣ್ಣಲ್ಲೇ ಮೊಟ್ಟೆಕೋಶಗಳಿರುತ್ತವೆ: ಹುರುಳಿಕಾಳಿನಂಥ ಕಂದು ಗುಳಿಗೆ, ಒಂದು ಅಂಚಿನಲ್ಲಿ ಗರಗಸದ ಹಲ್ಲು. ಒಡೆಯಲು ಹೆಚ್ಚುಕಮ್ಮಿ ಎರಡು ತಿಂಗಳು, ಮರಿ ಬಲಿಯಲು ವರ್ಷದ ಹತ್ತಿರ. ಕೋಶಗಳನ್ನು ಆರಿಸಿ ಬೇರೆ ಡಬ್ಬಿಯಲ್ಲಿ ಇಟ್ಟೂ ನೋಡಿದೆ. ಪೂರ್ತಿ ಒದ್ದೆ ನಾರಿನಲ್ಲಿಟ್ಟವು ಅರ್ಧಕ್ಕಿಂತ ಹೆಚ್ಚು ಬೂಷ್ಟು ಹಿಡಿದವು. ತಾಯಿ ಡಬ್ಬಿಯಲ್ಲೇ ಬಿಟ್ಟವು ಚೆನ್ನಾಗಿ ಒಡೆದವು. ಜರಡಿ ಹಿಡಿಯುವುದಾದರೆ ವರ್ಷಕ್ಕೊಮ್ಮೆ ಸಾಕು.

ಡಬ್ಬಿ ಬೆಚ್ಚಗಿಡುವ ಹೀಟ್ ಮ್ಯಾಟ್‌ಗೆ ಸಾವಿರ ಚಿಲ್ಲರೆ ಕೊಡುವ ಅಗತ್ಯವಿಲ್ಲ. ಬೆಂಗಳೂರಿನ ಚಳಿಗೆ ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೆ. ಇಟ್ಟರೂ ಡಬ್ಬಿಯ ಪಕ್ಕಕ್ಕೆ ಅಂಟಿಸಿ. ಅಡಿಗೆ ಇಟ್ಟರೆ ತಳವೇ ಮೊದಲು ಒಣಗುತ್ತದೆ. ನನ್ನ ಲೆಕ್ಕದಲ್ಲಿ ಡಬ್ಬಿ ಮುನ್ನೂರು, ಕೋಕೋಪೀಟ್ ಇನ್ನೂರು, ಮುಚ್ಚಳದ ಜಾಲರಿ ಐವತ್ತು. ಜಾಲರಿ ಸ್ಟೀಲಿನದ್ದೇ ಇರಲಿ, ಬಿಗಿಯಾಗಿರಲಿ.

ಊಟಕ್ಕೆ ಕ್ಯಾರೆಟ್, ಸೇಬಿನ ಚೂರು, ಅಕ್ವೇರಿಯಂ ಮೀನಿನ ಆಹಾರ ಒಂದು ಚಿಟಿಕೆ. ಚಿಟಿಕೆ ಎರಡಾದರೆ ನುಸಿ ಬಂತೆಂದೇ ಲೆಕ್ಕ. ಬೂಷ್ಟು ತಿನ್ನುವ ಪುಟಾಣಿ ಮಣ್ಣಿನ ಜೀವಿ ಸ್ಪ್ರಿಂಗ್‌ಟೇಲ್ ಬಿಟ್ಟ ಡಬ್ಬಿಯಲ್ಲಿ ಬೂಷ್ಟು ಎದ್ದು ಕಾಣುವಷ್ಟು ಕಡಿಮೆ.

ಸೊಳ್ಳೆ ಲಿಕ್ವಿಡ್ ಉರಿಯುವ ಕೋಣೆಯಲ್ಲಿ ಡಬ್ಬಿ ಇಡಬೇಡಿ. ಜಿರಳೆ ಸೀಮೆಸುಣ್ಣ ಗೀಚಿದ ಕಪಾಟೂ ಬೇಡ. ಎರಡರಲ್ಲೂ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷ, ನಮ್ಮ ಡಾಮಿನೊಗೂ ಅದು ವಿಷವೇ.