ಬೇಕಾದ್ದನ್ನು ಸೈಜು, ತಾರೀಖು ಸಮೇತ ಬರೆಯಿರಿ
ಮನೆಯಿಲ್ಲದವರಿಗೆ ನೆರವು ಕೇಳಿ ಪೋಸ್ಟ್ ಹಾಕುವಾಗ ಸುಮ್ನೆ ‘ಸಹಾಯ ಮಾಡಿ’ ಅನ್ನಬೇಡಿ. ಮೊದಲು ಅವರನ್ನೇ ಕೇಳಿ, ಬೇಕಾದ ಒಂದೇ ವಸ್ತುವನ್ನು ಬಿಡಿಸಿ ಬರೆಯಿರಿ: ‘ಗಂಡಸರ ಶೂ, 9ನೇ ಸೈಜು, ಒಂದು ಜೊತೆ, ಮಾರ್ಚ್ 14ರೊಳಗೆ.’ ಆಗ ಓದಿದವರು ಎದ್ದು ಹೋಗಿ ತಮ್ಮ ಶೂ ಗೂಡು ನೋಡುತ್ತಾರೆ. ಇಲ್ಲದಿದ್ದರೆ ಅಯ್ಯೋ ಪಾಪ ಅಂದು ಮುಂದೆ ಹೋಗುತ್ತಾರೆ. ಸಿಕ್ಕ ಕೂಡಲೇ ಅದೇ ಪೋಸ್ಟ್ ತಿದ್ದಿ, ಮೊದಲ ಸಾಲಲ್ಲೇ ‘ಸಿಕ್ಕಿತು’ ಅಂತ ಹಾಕಿ. ಫೇಸ್‌ಬುಕ್‌ನಲ್ಲಿ ಶೇರ್ ಆದ ಕಡೆಯೂ ಅದು ಕಾಣುತ್ತದೆ. ಸ್ಕ್ರೀನ್‌ಶಾಟ್, ವಾಟ್ಸಾಪ್ ಫಾರ್ವರ್ಡ್ ಆದರೆ ಈ ಉಪಾಯ ನಡೆಯುವುದಿಲ್ಲ, ಹಳೇ ಮನವಿಯೇ ಸುತ್ತುತ್ತಿರುತ್ತದೆ. ತಾರೀಖು ಬೇಕಾಗುವುದು ಅದಕ್ಕೇ. ಮುಖದ ಫೋಟೊ, ಮಲಗುವ ಜಾಗ ಮಾತ್ರ ಬೇಡವೇ ಬೇಡ. ತೊಂದರೆ ಕೊಡುವವರೂ ಹುಡುಕಿಕೊಂಡು ಬರಬಹುದು ಅಲ್ವಾ? ಯಾರಾದರೂ ಹುಷಾರಿಲ್ಲದೆ ಬಿದ್ದಿದ್ದರೆ ಪೋಸ್ಟ್ ಹಾಕುತ್ತಾ ಕೂರಬೇಡಿ, ಆಂಬುಲೆನ್ಸ್ ಕರೆಯಿರಿ.