ನಿಮ್ಮೂರ ಹೆಂಗಸರ ದುಡಿಮೆ ಲೆಕ್ಕ ಹಾಕುವ ಬಗೆ

ಮಂಡ್ಯ ಜಿಲ್ಲೆಯ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಮೇಷ್ಟ್ರು. ಕೊನೇ ವರ್ಷದ ಬಿಎ ಮಕ್ಕಳು ಪ್ರಾಜೆಕ್ಟಿಗೆ ‘ಮಹಿಳೆ ಮತ್ತು ದುಡಿಮೆ’ ಅಂತ ವಿಷಯ ತೆಗೆದುಕೊಳ್ಳುತ್ತಾರೆ. ಊರಿಗೆ ಹೋಗಿ ಹಾಳೆ ತುಂಬ ‘ಗೃಹಿಣಿ, ಗೃಹಿಣಿ’ ಅಂತ ಬರೆದುಕೊಂಡು ಬರುತ್ತಾರೆ. ಹಾಗಾದರೆ ಗದ್ದೆಯಲ್ಲಿ ನಾಟಿ ಹಾಕಿದವರು ಯಾರಪ್ಪ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

‘ಏನು ಕೆಲಸ ಮಾಡ್ತೀರಾ?’ ಅಂತ ಮಾತ್ರ ಕೇಳಬೇಡಿ. ‘ಏನಿಲ್ಲ ಕಣಪ್ಪ, ಮನೇಲೇ ಇದೀನಿ’ ಅನ್ನುತ್ತಾರೆ. ‘ನಿನ್ನೆ ಎಷ್ಟೊತ್ತಿಗೆ ಎದ್ರಿ ಅಕ್ಕಾ? ಎದ್ದು ಏನ್ ಮಾಡಿದ್ರಿ? ಆಮೇಲೆ?’ ಅಂತ ಕೇಳಿ. ‘ಆಮೇಲೆ’ ಅಂತ ಕೇಳುತ್ತಾ ರಾತ್ರಿ ಮಲಗುವವರೆಗೂ ಹೋಗಿ. ಕೊಟ್ಟಿಗೆ ಬಾಚಿದ್ದು, ಹಾಲು ಕರೆದು ಡೈರಿಗೆ ಹಾಕಿದ್ದು, ಹುಲ್ಲು ಕೊಯ್ದು ಹೊರೆ ಹೊತ್ತು ತಂದದ್ದು, ಗದ್ದೆಗೆ ಬುತ್ತಿ ಒಯ್ದವರು ಅಲ್ಲೇ ನಿಂತು ಕಳೆ ಕಿತ್ತದ್ದು, ಎಲ್ಲಾ ಒಂದೊಂದಾಗಿ ಹೊರಗೆ ಬರುತ್ತವೆ. ಪ್ರತಿಯೊಂದರ ಮುಂದೆ ಎಷ್ಟು ಹೊತ್ತು ಅಂತ ಬರೆದುಕೊಳ್ಳಿ. ಅಡುಗೆ ಮಾಡುತ್ತಲೇ ಮಗು ನೋಡಿಕೊಂಡಿದ್ದರೆ ಎರಡನ್ನೂ ಬರೆಯಿರಿ.

ಇದು ನನ್ನ ಕಂಡುಹಿಡಿತವೇನಲ್ಲ. 1933ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು 1970ರ ದಶಕದಲ್ಲೇ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೀಗೆ ಹೊತ್ತಿನ ಲೆಕ್ಕ ತೆಗೆಸಿದ್ದರು. ಸರ್ಕಾರಿ ಎಣಿಕೆಗೆ ಕಾಣದ ಎಷ್ಟೋ ದುಡಿಮೆ ಅದರಲ್ಲಿ ಕಾಣಿಸಿತು. ಮೈಸೂರು ಸೀಮೆಯ ಮಕ್ಕಳಿಗೆ ಈ ಹೆಸರು ಗೊತ್ತಿರುವುದಿಲ್ಲ, ಅದೇ ಬೇಜಾರು.

ಯಾವಾಗ ಹೋಗಬೇಕು? ಮಧ್ಯಾಹ್ನ ಮೂರರ ಮೇಲೆ, ಸಂಜೆ ಹಾಲು ಕರೆಯುವ ಮುಂಚೆ. ಜಗಲಿ ಮೇಲೆ ಕೂತು ಕೇಳಿದರೆ ಯಜಮಾನರೇ ಉತ್ತರ ಕೊಡುತ್ತಾರೆ. ‘ಅವಳಿಗೇನು ಗೊತ್ತು, ನಾನು ಹೇಳ್ತೀನಿ ಬರ್ಕೊ.’ ಅವರು ಹೇಳಿದ್ದನ್ನೂ ಬರೆದುಕೊಳ್ಳಿ, ಬೇರೆ ಹಾಳೆಯಲ್ಲಿ. ಆಮೇಲೆ ಹಿತ್ತಿಲಲ್ಲೋ ಕೊಟ್ಟಿಗೆಯಲ್ಲೋ ಆಯಮ್ಮನನ್ನೇ ಕೇಳಿ. ಗಂಡ ಹೇಳಿದ್ದಕ್ಕೂ ಹೆಂಡತಿ ಹೇಳಿದ್ದಕ್ಕೂ ಇರುವ ವ್ಯತ್ಯಾಸವೇ ಒಂದು ಅಧ್ಯಾಯ ಆಗುತ್ತದೆ.

ಈಗ ಸರ್ಕಾರದ ಅಳತೆ. ಕಾರ್ಮಿಕರ ಸಮೀಕ್ಷೆಯಲ್ಲಿ, ಅಂದರೆ ಪಿಎಲ್‌ಎಫ್‌ಎಸ್‌ನಲ್ಲಿ, ಪ್ರತಿಯೊಬ್ಬರಿಗೂ ಒಂದು ಕೋಡ್ ಇರುತ್ತದೆ. ಮನೆಯ ಜಮೀನು, ವ್ಯಾಪಾರದಲ್ಲಿ ಸಂಬಳವಿಲ್ಲದೆ ದುಡಿಯುವವರಿಗೆ 21. ಬರೀ ಮನೆಗೆಲಸದವರಿಗೆ 92. ಮಾರುವ ಹಾಲಿಗಾಗಿ ಹಸು ಸಾಕುವ ಹೆಂಗಸು 21ಕ್ಕೆ ಬರಬೇಕು. ಆದರೆ ಡೈರಿಯ ಪಾಸ್‌ಬುಕ್ ಗಂಡನ ಹೆಸರಲ್ಲಿ ಇರುತ್ತದೆ, ಕೇಳುವವರಿಗೂ ಅವಸರ, 92 ಬಿದ್ದುಹೋಗುತ್ತದೆ. ಹಳ್ಳಿಗಳಲ್ಲಿ 15 ವರ್ಷ ಮತ್ತು ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವವರು, ಕೆಲಸ ಹುಡುಕುವವರು ಇಬ್ಬರೂ ಸೇರಿದ ಪ್ರಮಾಣ 2017-18ರಲ್ಲಿ ಶೇ 24.6 ಇತ್ತು, 2023-24ಕ್ಕೆ ಶೇ 47.6 ಆಯಿತು. ಕೈಗೆ ಸಂಬಳ ಬರುವ ನೌಕರಿಯೇ ಇಷ್ಟು ಹೆಚ್ಚಿತು ಅಂದುಕೊಳ್ಳಬೇಡಿ. ಜಾಸ್ತಿ ಪಾಲು ಸ್ವಂತ ದುಡಿಮೆ ಮತ್ತು ಈ 21ರ ಥರದ್ದು. ಹಾಗಾಗಿ ನಿಮ್ಮ ಹಾಳೆಯಲ್ಲಿ ‘ದುಡ್ಡು ಯಾರ ಕೈಗೆ ಬರುತ್ತದೆ’ ಅಂತ ಒಂದು ಕಾಲಂ ಇರಲೇಬೇಕು.

ಸರಾಸರಿ ಓದುವಾಗಲೂ ಹುಷಾರು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಟ್ಟರು ಅಂತಿದೆ. ಗಂಡಸರು ಪರವಾಗಿಲ್ವಲ್ಲ ಅನ್ನಿಸುತ್ತೆ, ಅಲ್ವಾ? ಅದು ಅವತ್ತು ಮನೆಗೆಲಸ ಮಾಡಿದವರ ಸರಾಸರಿ ಮಾತ್ರ. ಮಾಡಿದ ಗಂಡಸರು 100ಕ್ಕೆ 26, ಹೆಂಗಸರು 81.

ಒಂದೇ ವಾರ ಹೋಗಿ ಬಂದರೆ ಸಾಲದು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗಿನ ಮಂಡ್ಯವೇ ಬೇರೆ, ನಾಲೆ ಒಣಗಿದಾಗಿನ ಮಂಡ್ಯವೇ ಬೇರೆ. ನಾಟಿಗೊಮ್ಮೆ, ಬೇಸಿಗೆಗೊಮ್ಮೆ ಹೋಗಿ. ಸಾಧ್ಯವಾದರೆ ನಾಲೆ ಕಡೆಯ ಊರೊಂದು, ನಾಗಮಂಗಲದಂಥ ಒಣಸೀಮೆಯ ಊರೊಂದು ಆರಿಸಿಕೊಳ್ಳಿ. 1950ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಕೂಡ ಇದೇ ಜಿಲ್ಲೆಯಲ್ಲಿ ನೀರಾವರಿಯ ಊರೊಂದನ್ನೂ ಒಣಭೂಮಿಯ ಊರೊಂದನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರು.

ಕೂಲಿ ವಿಷಯಕ್ಕೆ ಬಂದರೆ, ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು ಅಂತ ಎರಡು ಸಂಖ್ಯೆ ಬರೆದು ಸುಮ್ನಾಗಬೇಡಿ. ಎಷ್ಟು ಗಂಟೆ, ಯಾವ ಕೆಲಸ, ಊಟ ಕೊಟ್ಟರಾ ಅಂತ ಕೇಳಿ ಗಂಟೆಯ ಲೆಕ್ಕಕ್ಕೆ ಇಳಿಸಿ. ಒಂದೇ ಕೆಲಸಕ್ಕೆ ಕಡಿಮೆ ಕೊಟ್ಟರೆ ಅದು ಒಂದು ಥರದ ಅನ್ಯಾಯ. ಜಾಸ್ತಿ ಕೂಲಿಯ ಕೆಲಸಕ್ಕೆ ಹೆಂಗಸರನ್ನು ಕರೆಯುವುದೇ ಇಲ್ಲ ಅಂದರೆ ಅದು ಇನ್ನೊಂದು. ಎರಡನ್ನೂ ಕಲಸಬೇಡಿ. ಹೋಲಿಸುವುದಕ್ಕೆ ನರೇಗಾ ಕೂಲಿ ಇಟ್ಟುಕೊಳ್ಳಿ. 2025-26ರಲ್ಲಿ ಕರ್ನಾಟಕಕ್ಕೆ ದಿನಕ್ಕೆ 370 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಒಂದೇ. ಮುಯ್ಯಾಳಿಗೆ ಹೋದ ದಿನಗಳನ್ನೂ ಬಿಡಬೇಡಿ. ಅಲ್ಲಿ ದುಡ್ಡು ಕೈ ಬದಲಾಗುವುದಿಲ್ಲ, ದುಡಿಮೆ ಬದಲಾಗುತ್ತದೆ.

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಸಿಕ್ಕರೆ ವರ್ಷಗಳ ಲೆಕ್ಕ ಕೇಳಿ. ಯಾವಾಗ ಸೇರಿದಿರಿ, ಮದುವೆ ಆದಾಗ ಬಿಟ್ಟಿರಾ, ಮಗು ಆದ ಮೇಲೆ ಮತ್ತೆ ಹೋದಾಗ ಹಳೇ ಸಂಬಳವೇ ಕೊಟ್ಟರಾ? 2023ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ 200 ವರ್ಷಗಳ ದಾಖಲೆ ಹುಡುಕಿದವರು. ಅಲ್ಲಿ ಈಗಿನ ಸಂಬಳದ ಅಂತರ ಬಹುಪಾಲು ಮೊದಲ ಮಗು ಹುಟ್ಟಿದ ಮೇಲೆ ಬೆಳೆಯುತ್ತದೆ ಅಂತ ತೋರಿಸಿದರು. ಮದ್ದೂರಿನಲ್ಲೂ ಹಾಗೇನಾ ಅನ್ನುವುದನ್ನು ನೀವು ಕೇಳಿಯೇ ತಿಳಿಯಬೇಕು. ಅಮೆರಿಕದ ಉತ್ತರವನ್ನು ತಂದು ಅಂಟಿಸಿದರೆ ನಾನಂತೂ ಮಾರ್ಕ್ಸ್ ಕೊಡುವುದಿಲ್ಲ. ಶಕ್ತಿ ಬಸ್ಸೂ ಅಷ್ಟೇ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ನಿಜ, ಅದರಿಂದಲೇ ಕೆಲಸಕ್ಕೆ ಸೇರಿದರಾ ಅಂತ ಕೇಳದೆ ಬರೆಯಬೇಡಿ.

ಹಾಳೆ ಮೇಲೆ ಹೆಸರು, ಮನೆ ನಂಬರ್ ಬೇಡ. ಬರೀ ಅಂಕಿ ಹಾಕಿ, ಹೆಸರಿನ ಪಟ್ಟಿ ಬೇರೆ ಕಡೆ ಇಡಿ. ಕೂಲಿ ಕಡಿಮೆ ಅಂತ ಯಾರು ಹೇಳಿದರು ಅನ್ನುವುದು ಮೇಸ್ತ್ರಿಗೆ ಗೊತ್ತಾದರೆ ಮಾರನೇ ದಿನ ಆಯಮ್ಮನಿಗೆ ಕೆಲಸ ಇರುವುದಿಲ್ಲ.