ಪದ್ಮಿನಿಯ ಬ್ರಾಕೆಟ್‌ಗೆ ಕೊನೆಗೂ ನಿಂತ ಬಣ್ಣ

ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಕೆಳಗಿನ ಬ್ರಾಕೆಟ್ ಎಷ್ಟು ಬಣ್ಣ ಹೊಡೆದರೂ ಮತ್ತೆ ತುಕ್ಕು ಹಿಡಿಯುತ್ತಿತ್ತು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಉಜ್ಜಿ ಕಪ್ಪು ಎನಾಮೆಲ್ ಬಳಿಯುತ್ತಿದ್ದರು. ಕೆಲವೇ ವಾರಗಳಲ್ಲಿ ಅದು ಗುಳ್ಳೆಯೆದ್ದು, ಉಗುರು ತಾಗಿಸಿದರೆ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಎಲ್ಲರೂ ಮಳೆಗಾಲವನ್ನು ದೂರಿದರು. ಪಾಪ, ಮಳೆಯದೇನೂ ತಪ್ಪಿರಲಿಲ್ಲ. ಡಬ್ಬಿಯ ಮುಚ್ಚಳದಿಂದ ಬ್ರೇಕ್ ಆಯಿಲ್ ಜಿನುಗುತ್ತಿತ್ತು. ಡಾಟ್ 3 ದರ್ಜೆಯ ಈ ಬ್ರೇಕ್ ಆಯಿಲ್‌ನಲ್ಲಿರುವ ಗ್ಲೈಕಾಲ್ ಸಾದಾ ಎನಾಮೆಲನ್ನು ಮೆತ್ತಗಾಗಿಸಿ ಎಬ್ಬಿಸಿಬಿಡುತ್ತದೆ.

ಮೊದಲು ಮುಚ್ಚಳದ ವಾಷರ್ ಬದಲಿಸಿದೆ. ಬ್ರಾಕೆಟ್, ಪೆಡಲ್ ಎರಡನ್ನೂ ಬಿಚ್ಚಿ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಗೋಕುಲ ರಸ್ತೆಯ ಕಡೆ, ಬಣ್ಣದ ಪುಡಿ ಸಿಂಪಡಿಸಿ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್‌ಗೆ ಕೊಟ್ಟೆ. ಕೊಡುವ ಮುನ್ನ ರಬ್ಬರ್ ಬುಷ್ ತೆಗೆಯಲೇಬೇಕು; ಪೌಡರ್ ಬೇಯುವುದು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೋಲ್ಟಿನ ಥ್ರೆಡ್‌ಗಳಿಗೆ ಶಾಖ ತಡೆಯುವ ಟೇಪ್ ಸುತ್ತಿಸಿ, ಇಲ್ಲದಿದ್ದರೆ ನಟ್ ಕೂರುವುದಿಲ್ಲ. ಇದನ್ನು ನಿಂತು ನೋಡಿಕೊಳ್ಳುವುದೇ ಒಳ್ಳೆಯದು.

ಒಲೆಗೆ ಹಾಕಲಾಗದ ತಗಡಿನ ಭಾಗಗಳಿಗೆ ಎಪಾಕ್ಸಿ ಪ್ರೈಮರ್ ಮೇಲೆ ಟೂ-ಕೆ ಪಿಯು (ಗಟ್ಟಿಯಾಗಲು ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ) ಸರಿ. ಅದರ ಹಾರ್ಡನರ್‌ನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುವುದರಿಂದ ಬಟ್ಟೆಯ ಮಾಸ್ಕ್ ಏನೇನೂ ಸಾಲದು. ಪಳಗಿದ ಪೇಂಟರ್‌ಗೆ ಬಿಟ್ಟೆ. ಸೈಲೆನ್ಸರ್ ಪೈಪಿಗೆ ಇವೆರಡೂ ಬೇಡ, ಸಿಲಿಕೋನ್ ಆಧಾರಿತ ಶಾಖನಿರೋಧಕ ಬಣ್ಣವೇ ಬೇಕು.

ಪೌಡರ್ ಕೋಟಿಂಗ್ ಕೂಡ ಅಮೃತ ಕುಡಿದು ಬಂದದ್ದಲ್ಲ. ಆಯಿಲ್ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆದು ಒರೆಸುತ್ತೇನೆ. ಗ್ಲೈಕಾಲ್ ನೀರಿನಲ್ಲಿ ಕರಗುತ್ತದೆ.